ಎಸ್‌ಎಸ್‌ಡಿ ಇದ್ದ ಮಾತ್ರಕ್ಕೆ ಕ್ಯಾಶ್ ಇದ್ದಂತಲ್ಲ

‘ನಮ್ಮ ಹೋಸ್ಟಿಂಗ್‌ನಲ್ಲಿ ಎಸ್‌ಎಸ್‌ಡಿ ಇದೆಯಲ್ಲ, ಮತ್ತೆ ಕ್ಯಾಶ್ ಯಾಕೆ?’ ವೆಬ್‌ಸೈಟ್ ಇಡಲು ಸರ್ವರ್‌ನಲ್ಲಿ ಜಾಗ (ಹೋಸ್ಟಿಂಗ್) ಬಾಡಿಗೆಗೆ ತಗೊಂಡವರಿಂದ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಇದರ ಜೊತೆಗೇ ಬರುವ ಇನ್ನೊಂದು ಮಾತು: ‘ಎಸ್‌ಎಸ್‌ಡಿ ಕ್ಯಾಶ್ ಇರುವ ಪ್ಲಾನ್ ತಗೊಂಡಿದ್ದೇನೆ, ಎಲ್ಲ ಎಸ್‌ಎಸ್‌ಡಿ ಮೇಲೇ ಇದೆ.’ ಎರಡೂ ತಪ್ಪು. ಎರಡನೆಯದಂತೂ ದುಡ್ಡು ಕೊಟ್ಟು ಮಾಡಿಕೊಳ್ಳುವ ತಪ್ಪು.

ಎಸ್‌ಎಸ್‌ಡಿ ಒಂದು ವಸ್ತು, ಫೈಲುಗಳನ್ನು ಚಿಪ್‌ಗಳಲ್ಲಿ ಇಡುವ ಡ್ರೈವ್. ಕ್ಯಾಶ್ ಒಂದು ಕೆಲಸ. ಮೂಲ ದೂರದಲ್ಲೋ ನಿಧಾನದ ಜಾಗದಲ್ಲೋ ಇದ್ದಾಗ ಅದರ ನಕಲನ್ನು ಬೇಗ ಸಿಗುವ ಕಡೆ ಇಟ್ಟುಕೊಳ್ಳುವುದೇ ಆ ಕೆಲಸ. ಅದನ್ನು ರ‍್ಯಾಮ್ ಮಾಡಬಹುದು, ಬ್ರೌಸರ್ ಮಾಡಬಹುದು, ಎಸ್‌ಎಸ್‌ಡಿಯೂ ಮಾಡಬಹುದು. ಪೂರ್ತಿ ಅಳಿಸಿದರೂ ಏನೂ ಕಳೆಯದೆ, ಸ್ವಲ್ಪ ಹೊತ್ತು ನಿಧಾನ ಮಾತ್ರ ಆದರೆ ಅದು ಕ್ಯಾಶ್. (ಬರೆಯಬೇಕಾದ್ದನ್ನು ತಡೆದಿಟ್ಟುಕೊಳ್ಳುವ ರೈಟ್-ಬ್ಯಾಕ್ ಕ್ಯಾಶ್ ಇದಕ್ಕೆ ಹೊರತು. ಅದನ್ನು ಸದ್ಯ ಬಿಡೋಣ.)

ಈಗ ಆ ‘ಎಸ್‌ಎಸ್‌ಡಿ ಕ್ಯಾಶ್’ ನೋಡಿ. ಸಾಮಾನ್ಯವಾಗಿ ಇದರ ಅರ್ಥ, ನಿಮ್ಮ ಫೈಲುಗಳಿರುವುದು ತಿರುಗುವ ಹಾರ್ಡ್ ಡಿಸ್ಕ್ ಮೇಲೆ. ಪದೇ ಪದೇ ಓದುವ ಭಾಗದ ನಕಲು ಮಾತ್ರ ಎಸ್‌ಎಸ್‌ಡಿಯಲ್ಲಿ. ಜನ ಹೆಚ್ಚು ನೋಡುವ ಪುಟ ಬೇಗ ಬರುತ್ತದೆ. ಯಾರೂ ಮುಟ್ಟದ ಹಳೆಯ ಪುಟ ತೆರೆದರೆ ಡಿಸ್ಕ್ ತಿರುಗಲೇಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ಓದುವ ತಲೆಯ (ಹೆಡ್) ಕೆಳಗೆ ಬರುವುದಕ್ಕೇ ಸರಾಸರಿ 4.17 ಮಿಲಿಸೆಕೆಂಡ್. ತಲೆ ಅತ್ತಿತ್ತ ಸರಿಯುವ ಹೊತ್ತು ಬೇರೆ. ಸೆಕೆಂಡಿಗೆ ಇಂಥ ನೂರು ಚೆಲ್ಲಾಪಿಲ್ಲಿ ಓದು ಆಯಿತೆಂದರೆ ಜಾಸ್ತಿಯೇ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಹಾಗಾಗಿ ಸಾವಿರಾರು ಓದು ಸಲೀಸು. ಜಾಹೀರಾತಿನಲ್ಲಿ ‘ಎಸ್‌ಎಸ್‌ಡಿ’, ‘ಎಸ್‌ಎಸ್‌ಡಿ ಕ್ಯಾಶ್’ ಎಂಬ ಈ ಎರಡು ಬಗೆಯ ಪ್ಲಾನ್ ನಡುವೆ ಇರುವುದು ಒಂದೇ ಪದದ ವ್ಯತ್ಯಾಸ, ಅದೂ ಸಣ್ಣ ಅಕ್ಷರದಲ್ಲಿ.

ಹಾಗಾದರೆ ಪೂರ್ತಿ ಎಸ್‌ಎಸ್‌ಡಿ ಇದ್ದರೆ ಸಾಕಲ್ವಾ? ಸಾಲದು. ವರ್ಡ್‌ಪ್ರೆಸ್ (ಸೈಟು ಕಟ್ಟುವ ಸಾಫ್ಟ್‌ವೇರ್) ಪುಟವೊಂದನ್ನು ಕೇಳಿದಾಗ ಸರ್ವರ್ ಪಿಎಚ್‌ಪಿ ಭಾಷೆಯ ಪ್ರೋಗ್ರಾಂ ಓಡಿಸುತ್ತದೆ, ಹತ್ತಾರು ಸಲ ಡೇಟಾಬೇಸ್ ಕೇಳುತ್ತದೆ, ಎಲ್ಲ ಸೇರಿಸಿ ಬ್ರೌಸರ್‌ಗೆ ಕಳಿಸುವ ಎಚ್‌ಟಿಎಂಎಲ್ ಪುಟ ಕಟ್ಟುತ್ತದೆ. ಇದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಪ್ರೊಸೆಸರ್ ಕೆಲಸ. ಪದೇ ಪದೇ ಓದುವ ಫೈಲುಗಳನ್ನಂತೂ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ತಾನಾಗಿಯೇ ಖಾಲಿ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಡಿಸ್ಕ್ ತನಕ ಹೋಗುವುದೇ ಇಲ್ಲ. ಅಂಥ ಕಡೆ ಡಿಸ್ಕ್ ಬದಲಿಸಿದರೆ ಸಿಗುವುದು ಅಷ್ಟರಲ್ಲೇ ಇದೆ. ಪೇಜ್ ಕ್ಯಾಶ್ ಮಾಡುವುದು ಬೇರೆ: ಒಮ್ಮೆ ಕಟ್ಟಿದ ಪುಟವನ್ನು ಹಾಗೇ ಎತ್ತಿಟ್ಟು ಮುಂದಿನವರಿಗೆ ಅದನ್ನೇ ಕೊಡುತ್ತದೆ. ಪಿಎಚ್‌ಪಿಯೂ ಇಲ್ಲ, ಡೇಟಾಬೇಸೂ ಇಲ್ಲ.

ಲಾಗಿನ್ ಆದವರ ಪುಟ, ಶಾಪಿಂಗ್ ಕಾರ್ಟ್, ಹೊಸ ಆರ್ಡರ್ ಬರೆಯುವುದು ಇವಕ್ಕೆಲ್ಲ ಪೇಜ್ ಕ್ಯಾಶ್ ಆಗಿಬರುವುದಿಲ್ಲ. ಒಬ್ಬರ ಕಾರ್ಟ್ ಇನ್ನೊಬ್ಬರಿಗೆ ಕಾಣಿಸಬಾರದಷ್ಟೇ. ಎಸ್‌ಎಸ್‌ಡಿಯ ಬೆಲೆ ಗೊತ್ತಾಗುವುದು ಇಲ್ಲಿ. ರ‍್ಯಾಮ್‌ಗೆ ಹಿಡಿಸದಷ್ಟು ದೊಡ್ಡ ಡೇಟಾಬೇಸಿಗೂ, ಒಂದೇ ಸರ್ವರ್‌ನಲ್ಲಿ ನೂರಾರು ಸೈಟು ತುಂಬಿರುವ ಶೇರ್ಡ್ ಹೋಸ್ಟಿಂಗ್‌ಗೂ ಅದು ಬೇಕೇ ಬೇಕು.

ಇನ್ನು ‘ಕ್ಯಾಶ್ ಕ್ಲಿಯರ್ ಮಾಡಿ’ ಅನ್ನುವ ಸಲಹೆ. ಯಾವ ಕ್ಯಾಶ್? ಬ್ರೌಸರ್‌ನಲ್ಲಿ ಅಳಿಸಿದರೆ ಹೋಗುವುದು ನಿಮ್ಮ ಕಂಪ್ಯೂಟರಿನ ನಕಲು ಮಾತ್ರ. ಸರ್ವರ್‌ನಲ್ಲೋ ಸಿಡಿಎನ್‌ನಲ್ಲೋ (ಸೈಟಿನ ನಕಲನ್ನು ಬೇರೆ ಬೇರೆ ಊರುಗಳಲ್ಲಿ ಇಟ್ಟು ಕೊಡುವ ಸರ್ವರ್ ಜಾಲ) ಇರುವ ಹಳೆಯ ಪುಟ ಅಲ್ಲೇ ಕೂತಿರುತ್ತದೆ. ಸುಮ್ನೆ ಅಳಿಸುತ್ತ ಕೂರುವ ಬದಲು ಪುಟದ ಜೊತೆ ಸರ್ವರ್ ಕಳಿಸುವ ಹೆಡರ್ (ಪುಟದ ಬಗೆಗಿನ ಮಾಹಿತಿಯ ಸಾಲುಗಳು) ನೋಡಿ. ‘ಏಜ್: 3600’ (ಸೆಕೆಂಡಿನ ಲೆಕ್ಕ) ಅಂತಿದ್ದರೆ ಆ ನಕಲು ನಡುವಿನ ಯಾವುದೋ ಕ್ಯಾಶ್‌ನಲ್ಲಿ ಒಂದು ಗಂಟೆಯಿಂದ ಇದೆ ಎಂದರ್ಥ. ಅಳಿಸಬೇಕಾದ್ದು ಅದನ್ನು.