ಮಣಿ ಒಡೆಯದೆ ಬೇರಿಯಂ ಹುಡುಕುವುದು: ಪ್ರಾಚೀನ ಚೀನಾದ ಗಾಜಿನ ಟಿಪ್ಪಣಿ

ಗಾಜಿನಲ್ಲಿ ಏನೇನಿದೆ ಅಂತ ತಿಳಿಯಲು ಹಳೇ ದಾರಿ ಸರಳ. ಒಂದು ಚೂರು ಮುರಿದು, ಪುಡಿ ಮಾಡಿ, ಆಸಿಡ್‌ನಲ್ಲಿ ಕರಗಿಸಿ ಅಳೆಯುವುದು. ಎದುರಿಗಿರುವುದು 2,300 ವರ್ಷ ಹಳೆಯ ಮಣಿಯಾದರೆ ಇದು ಆಗದ ಮಾತು, ಅಲ್ವಾ? ಒಡೆಯದೆ, ಗೀರದೆ ನೋಡುವ ಉಪಾಯಗಳು ಬೇಕು. ಇಲ್ಲಿ ಹೆಚ್ಚಾಗಿ ಎಕ್ಸ್‌ಆರ್‌ಎಫ್ ಬಗ್ಗೆಯೇ, ಅಂದರೆ ಎಕ್ಸ್-ರೇ ಬಿಟ್ಟು ಧಾತು ಗುರುತಿಸುವ ಉಪಾಯದ ಬಗ್ಗೆಯೇ ಬರೆದಿದ್ದೇನೆ. ನಾನು ಎಡವಿದ್ದು ಅಲ್ಲೇ.

ಮೊದಲು, ಹುಡುಕುವುದು ಏನನ್ನು? ಬರೀ ಮರಳು ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹಳೇ ಕುಲುಮೆಗಳಿಗೆ ಅದು ಎಟುಕುತ್ತಿರಲಿಲ್ಲ. ಹಾಗಾಗಿ ಬೇಗ ಕರಗಲಿ ಅಂತ ಮರಳಿಗೆ ಇನ್ನೊಂದು ವಸ್ತು ಬೆರೆಸುತ್ತಿದ್ದರು. ರೋಮ್ ಕಡೆ ಅದು ಸೋಡಾ, ಅಂದರೆ ಸೋಡಿಯಂ ಇರುವ ಕ್ಷಾರ. ಚೀನಾದಲ್ಲಿ ಯುದ್ಧನಿರತ ರಾಜ್ಯಗಳ ಕಾಲದಿಂದ (ಕ್ರಿ.ಪೂ. 475–221) ಹಾನ್ ಅರಸರ ಕಾಲದವರೆಗೆ (ಕ್ರಿ.ಪೂ. 206–ಕ್ರಿ.ಶ. 220) ಸೀಸ, ಅದರ ಜೊತೆಗೆ ಬೇರಿಯಂ ಅನ್ನುವ ಲೋಹಧಾತು. ದಕ್ಷಿಣದ ಗುವಾಂಗ್‌ಶಿಯ ಹಾನ್ ಗೋರಿಗಳಲ್ಲಿ ಪೊಟ್ಯಾಶ್ (ಪೊಟ್ಯಾಸಿಯಂ ಇರುವ ಕ್ಷಾರ) ಬೆರೆಸಿದ ಗಾಜು ಜಾಸ್ತಿ. ಪೊಟ್ಯಾಶ್ ಗಾಜು ನಮ್ಮ ಪುದುಚೇರಿ ಪಕ್ಕದ ಅರಿಕಮೇಡಿನಲ್ಲೂ ಸಿಕ್ಕಿದೆ. ಆದ್ದರಿಂದ ಪೊಟ್ಯಾಶ್ ಒಂದನ್ನೇ ನೋಡಿ ಊರು ಹೇಳಲಾಗದು. ಬೇರಿಯಂ ಹಾಗಲ್ಲ. ಹಳೇ ಗಾಜಿನಲ್ಲಿ ಬೇರಿಯಂ ಜಾಸ್ತಿ ಇದ್ದರೆ ಅದು ಚೀನಾದ ಗಾಜು ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಬೆಕ್ ಮತ್ತು ಸೆಲಿಗ್ಮನ್ ಎಂಬ ಸಂಶೋಧಕರು ಇದನ್ನು 1934ರಲ್ಲೇ ಗುರುತಿಸಿದ್ದರು. ಬೇರಿಯಂ ಗಾಜಿಗೆ ಮಬ್ಬು ತರುತ್ತದೆ, ಅದು ಜೇಡ್ ಕಲ್ಲಿನ ಹಾಗೆ ಕಾಣುತ್ತದೆ. ಚಾಂಗ್‌ಶಾದ ಗೋರಿಗಳಲ್ಲಿ ಸಿಕ್ಕ ನಡುವೆ ತೂತಿರುವ ಗಾಜಿನ ಬಿಲ್ಲೆಗಳು ಜೇಡ್ ಬಿಲ್ಲೆಗಳ ನಕಲೇ.

ಈಗ ಎಕ್ಸ್‌ಆರ್‌ಎಫ್. ಮಣಿಯ ಮೇಲೆ ಎಕ್ಸ್-ರೇ ಬಿಟ್ಟರೆ ಒಳಗಿನ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್-ರೇ ವಾಪಸ್ ಕೊಡುತ್ತದೆ. ಪರದೆಯ ಮೇಲೆ ಅದು ಗುಡ್ಡಗಳ ಸಾಲು. ಯಾವ ಗುಡ್ಡ ಎಲ್ಲಿದೆ ನೋಡಿ ಧಾತುವನ್ನು ಗುರುತಿಸಬೇಕು. ನಾನು ಮೊದಲ ಸಲ ಇಂಥ ಗ್ರಾಫ್ ಓದಿದಾಗ 4.5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರದ ಗುಡ್ಡಕ್ಕೆ ಟೈಟಾನಿಯಂ ಅಂತ ಹೆಸರು ಬರೆದು ಮುಂದೆ ಹೋಗಿಬಿಟ್ಟೆ. ಅದು ಬೇರಿಯಂ ಆಗಿತ್ತು! ಟೈಟಾನಿಯಂನ ಮುಖ್ಯ ಗುಡ್ಡ 4.51ರಲ್ಲಿ, ಬೇರಿಯಂನದು 4.47ರಲ್ಲಿ. ಯಂತ್ರ ಅಷ್ಟು ಸಣ್ಣ ಅಂತರವನ್ನು ಬಿಡಿಸಿ ತೋರಿಸುವುದಿಲ್ಲ.

ಬಲಕ್ಕೆ ನೋಡಿ. ಟೈಟಾನಿಯಂ ಆದರೆ 4.93ರಲ್ಲಿ ಇನ್ನೊಂದು ಪುಟ್ಟ ಗುಡ್ಡ ಬಂದು ಮುಗಿಯುತ್ತದೆ. ಬೇರಿಯಂಗೆ 4.83, 5.16, 5.53 ಅಂತ ಮೆಟ್ಟಿಲಿನ ಹಾಗೆ ಇಳಿಯುವ ಸಾಲಿದೆ. ಇನ್ನೂ ಅನುಮಾನವಿದ್ದರೆ ಎಕ್ಸ್-ರೇ ಟ್ಯೂಬಿನ ವೋಲ್ಟೇಜನ್ನು 50 ಕಿಲೋವೋಲ್ಟಿಗೆ ಏರಿಸಿ ಗ್ರಾಫಿನಲ್ಲಿ 32 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಹುಡುಕಿ. ಅಲ್ಲಿ ಗುಡ್ಡ ಎದ್ದರೆ ಬೇರಿಯಂ ಇದೆ. ಟೈಟಾನಿಯಂಗೆ ಅಲ್ಲಿ ಕೆಲಸವಿಲ್ಲ. ಸೀಸ ಮತ್ತು ಆರ್ಸೆನಿಕ್ ಕೂಡ 10.5ರಲ್ಲಿ ಹೀಗೇ ಒಂದರ ಮೇಲೊಂದು ಕೂರುತ್ತವೆ. ಸೀಸವನ್ನು 12.6ರಲ್ಲಿ ಖಚಿತಪಡಿಸಿಕೊಳ್ಳಿ.

ಸೋಡಾ ಗಾಜಿನ ಸೋಡಿಯಂನದು ಬೇರೆಯೇ ತಲೆನೋವು. ಅದರ ಎಕ್ಸ್-ರೇ ಎಷ್ಟು ಮೆದು ಅಂದರೆ ಒಂದು ಸೆಂಟಿಮೀಟರ್ ಗಾಳಿಯೇ ಬಹುಪಾಲನ್ನು ನುಂಗಿಬಿಡುತ್ತದೆ. ದಾರಿಯಲ್ಲಿ ಹೀಲಿಯಂ ಹರಿಸಬೇಕು. ಇಲ್ಲವೇ ಪ್ರೋಟಾನ್ ಹೊಡೆದು, ಎಕ್ಸ್-ರೇ ಬದಲು ಸೋಡಿಯಂ ಕೊಡುವ ಗಾಮಾ ಕಿರಣವನ್ನು ಅಳೆಯಬೇಕು.

ಪ್ರೋಟಾನ್ ಅಂದಕೂಡಲೇ ಪ್ರಾಚೀನ ಚೀನಾದ ಯುಯೆ ರಾಜ್ಯದ ದೊರೆ ಗೌಜಿಯಾನ್‌ನ ಕತ್ತಿ ನೆನಪಾಗುತ್ತದೆ. 1965ರಲ್ಲಿ ಹುಬೈ ಪ್ರಾಂತ್ಯದ ಗೋರಿಯೊಂದರಲ್ಲಿ ಸಿಕ್ಕಿತು. ಹಿಡಿಯ ಹತ್ತಿರ ನೀಲಿ ಗಾಜು ಕೂರಿಸಿದ್ದಾರೆ. 1977ರಲ್ಲಿ ಶಾಂಘೈನ ಫುದಾನ್ ವಿಶ್ವವಿದ್ಯಾಲಯದಲ್ಲಿ ಪ್ರೋಟಾನ್ ಕಿರಣವನ್ನು ಯಂತ್ರದಿಂದ ಹೊರಗೆ, ಗಾಳಿಗೆ ತಂದು ಕತ್ತಿಯನ್ನು ಪರೀಕ್ಷಿಸಿದರು. ಗಾಜು ಸೀಸ-ಬೇರಿಯಂನದಲ್ಲ, ಪೊಟ್ಯಾಶ್ ಮತ್ತು ಸುಣ್ಣದ್ದು. ಅದೇ ಪ್ರಾಂತ್ಯದ ಸುಯಿಝೌನಲ್ಲಿ ಝೆಂಗ್ ರಾಜ್ಯದ ದೊರೆ ಯಿಯ ಗೋರಿಯಿಂದ ಬಂದ ಕಣ್ಣಿನ ಚಿತ್ತಾರದ ಮಣಿಗಳು ಸೋಡಾ ಗಾಜಿನವು, ಅಂದರೆ ಪಶ್ಚಿಮದ ಪಾಕ. ಆಮೇಲೆ ಚೀನಾದವರು ಅದೇ ಚಿತ್ತಾರವನ್ನು ಸೀಸ-ಬೇರಿಯಂ ಗಾಜಿನಲ್ಲಿ ಮಾಡಿದರು. ಸುಮ್ನೆ ನೋಡಿದರೆ ಎರಡೂ ಅಣ್ಣತಮ್ಮಂದಿರು.

ಒಂದು ಎಚ್ಚರ. ಈ ವಿಧಾನಗಳೆಲ್ಲ ನೋಡುವುದು ಗಾಜಿನ ಚರ್ಮವನ್ನು. ಮಣ್ಣಿನ ತೇವಕ್ಕೆ ಪೊಟ್ಯಾಶ್ ಮತ್ತು ಸೋಡಾ ಮೇಲ್ಮೈಯಿಂದ ತೊಳೆದು ಹೋಗಿರುತ್ತವೆ. ಸೀಸದ ಗಾಜಿನ ಮೇಲೆ ಬಿಳಿ ಹೊಪ್ಪಳೆ ಕಟ್ಟಿರುತ್ತದೆ, ಅದರಲ್ಲಿ ಸೀಸದ ಪಾಲು ಒಳಗಿನದಕ್ಕಿಂತ ಜಾಸ್ತಿ ಇರಬಹುದು. ಪೊಟ್ಯಾಶ್ ಗಾಜಿನ ಮೇಲೆ 'ಪೊಟ್ಯಾಶ್ ಕಡಿಮೆ' ಅಂತ ಅಂಕಿ ಬಂದರೆ ಅದು ಗಾಜಿನ ಕಥೆಯೋ ಮಣ್ಣಿನ ಕಥೆಯೋ ಅಂತ ಕೇಳಿಕೊಳ್ಳಿ. 2022ರಲ್ಲಿ ಚೀನಾದ ಕಾಲೇಜು ವಿದ್ಯಾರ್ಥಿಗಳ ಗಣಿತ ಮಾಡೆಲಿಂಗ್ ಸ್ಪರ್ಧೆಯಲ್ಲಿ ಇದೇ ಪ್ರಶ್ನೆ ಬಂದಿತ್ತು: ಸವೆದ ಮೇಲ್ಮೈ ಅಳತೆಯಿಂದ ಸವೆಯುವ ಮುಂಚಿನ ಅಂಕಿಗಳನ್ನು ಲೆಕ್ಕ ಹಾಕಿ ಅಂತ.

ಹಾಗಾಗಿ ಮೊದಲೇ ಚಕ್ಕೆ ಎದ್ದಿರುವ ಜಾಗ, ಹೊಳೆಯುವ ಜಾಗ ಹುಡುಕಿ ಅಳೆಯಿರಿ. ಜೊತೆಗೆ ತೂಕವನ್ನೂ ಮರೆಯಬೇಡಿ. ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಒಮ್ಮೆ ತೂಗಿದರೆ ಸಾಂದ್ರತೆ ಸಿಗುತ್ತದೆ. ಸೋಡಾ ಗಾಜಿನದು ಒಂದು ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ, ಸೀಸ-ಬೇರಿಯಂ ಗಾಜಿನದು ಸಾಮಾನ್ಯವಾಗಿ 3ರ ಮೇಲೆ. ಇದು ಚರ್ಮದ ಮಾತಲ್ಲ, ಇಡೀ ಮಣಿಯ ಮಾತು. ದಾರದ ತೂತಿನಲ್ಲಿ ಗಾಳಿಗುಳ್ಳೆ ಉಳಿದರೆ ಮಾತ್ರ ಲೆಕ್ಕ ಕೆಡುತ್ತದೆ. ಪುಡಿ ಉದುರುತ್ತಿರುವ ಮಣಿಯನ್ನಂತೂ ನೀರಿಗೆ ಇಳಿಸಲೇಬೇಡಿ.