ಏಳನೇ ಇಯತ್ತೆಯ ಮಕ್ಕಳ ತಲೆಯೊಳಗೆ

"ಐದನೇ ಇಯತ್ತೆತನಕ ಚಲೋ ಇದ್ದ ನೋಡ್ರಿ. ಈಗ ಏನ್ ಹೇಳಿದ್ರೂ ಕೇಳಂಗಿಲ್ಲ."

ಇಂಡಿ, ಸಿಂದಗಿ, ತಿಕೋಟಾ, ವಿಜಯಪುರ ಜಿಲ್ಲೆಯಲ್ಲಿ ಎಲ್ಲಿ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಸಿಟ್ಟು ಜಾಸ್ತಿ, ಕನ್ನಡಿ ಮುಂದೆ ನಿಲ್ಲುವುದು ಜಾಸ್ತಿ, ಗೆಳೆಯರು ಹೇಳಿದ್ದೇ ಸರಿ. ಹುಡುಗ ಕೈತಪ್ಪಿ ಹೋದ ಅಂತ ಮನೆಯವರು ಕೊರಗುತ್ತಾರೆ. ಆದರೆ ಆ ವಯಸ್ಸಿನಲ್ಲಿ ಮಿದುಳಿನೊಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಅರ್ಧ ಕೊರಗು ಕಡಿಮೆಯಾದೀತು.

ಅಮೆರಿಕದ ಮನೋವೈದ್ಯ ಜೇ ಗೀಡ್ ಮತ್ತು ಸಂಗಡಿಗರು ಮಕ್ಕಳ ಮಿದುಳನ್ನು ವರ್ಷ ಬಿಟ್ಟು ವರ್ಷ ಎಂಆರ್‌ಐ ಯಂತ್ರದಲ್ಲಿ ನೋಡುತ್ತಾ ಬಂದರು. 1999ರಲ್ಲಿ ಅವರು ಹೇಳಿದ್ದಿಷ್ಟು: ಹಣೆಯ ಹಿಂದಿನ ಭಾಗದ ಬೂದು ವಸ್ತು, ಅಂದರೆ ನರಕೋಶಗಳು ತುಂಬಿರುವ ಪದರ, ಹುಡುಗಿಯರಲ್ಲಿ ಸುಮಾರು 11, ಹುಡುಗರಲ್ಲಿ ಸುಮಾರು 12 ವರ್ಷದವರೆಗೆ ಹೆಚ್ಚುತ್ತದೆ, ಆಮೇಲೆ ತೆಳುವಾಗುತ್ತಾ ಹೋಗುತ್ತದೆ. ಬಳಸದ ನರಕೊಂಡಿಗಳು ಕಳಚಿ, ಬಳಸುವ ಕೊಂಡಿಗಳು ಗಟ್ಟಿಯಾಗುವುದು ಇದಕ್ಕೊಂದು ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾಟನಿ ಮಾಡಿದ, ಅಂದರೆ ರೆಂಬೆ ಕತ್ತರಿಸಿದ ಬಳ್ಳಿ ನೋಡಿ ಹೊಸಬರು ತೋಟ ಹಾಳಾಯಿತು ಅಂದುಕೊಳ್ಳುತ್ತಾರೆ, ಬೆಳೆಗಾರ ಮಾತ್ರ ಮುಂದಿನ ಗೊನೆಯ ಲೆಕ್ಕ ಹಾಕುತ್ತಿರುತ್ತಾನೆ.

ಕಷ್ಟ ಏನೆಂದರೆ, ಮಿದುಳಿನ ಎಲ್ಲ ಭಾಗವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಖುಷಿ, ಭಯ, ಮೆಚ್ಚುಗೆಗೆ ಕುಣಿಯುವ ಭಾಗಗಳು ಬೇಗ ಚುರುಕಾಗುತ್ತವೆ. ತಾಳು, ಯೋಚನೆ ಮಾಡು ಅನ್ನುವ ಮುಂಭಾಗ ಪೂರ್ತಿ ಪಕ್ವವಾಗಲು ಇಪ್ಪತ್ತು ದಾಟಬೇಕು. ಅಷ್ಟರಲ್ಲಿ ಸುತ್ತ ಗೆಳೆಯರಿದ್ದರೆ ಮುಗಿಯಿತು. 2005ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೋ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ನೋಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಲಂಡನ್ನಿನಲ್ಲಿ ಮಿದುಳು ವಿಜ್ಞಾನಿ ಸಾರಾ ಜೇನ್ ಬ್ಲೇಕ್‌ಮೋರ್ ತಂಡ ಹುಡುಗಿಯರಿಗೆ ಕಂಪ್ಯೂಟರಿನಲ್ಲಿ ಚೆಂಡಾಟ ಕೊಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಯಾರೂ ಅವರ ಕಡೆ ಚೆಂಡು ಎಸೆಯುವುದಿಲ್ಲ. ಅಷ್ಟೇ. ಅಷ್ಟಕ್ಕೇ ಹದಿಹರೆಯದ ಹುಡುಗಿಯರ ಮನಸ್ಸು ದೊಡ್ಡ ಹೆಂಗಸರಿಗಿಂತ ಜಾಸ್ತಿ ಕುಗ್ಗಿತು.

ಈಗ ನಮ್ಮ ಕ್ಲಾಸಿಗೆ ಬನ್ನಿ. ಭಿನ್ನರಾಶಿ ಲೆಕ್ಕ. ಮಾಸ್ತರರು ಹುಡುಗನನ್ನು ಬೋರ್ಡಿಗೆ ಕರೆಯುತ್ತಾರೆ. ಛೇದ ಸಮ ಮಾಡುವಲ್ಲಿ ಅವನು ನಿಲ್ಲುತ್ತಾನೆ. ಸೀಮೆಸುಣ್ಣ ಹಿಡಿದ ಬೆರಳು ಬೋರ್ಡಿಗೆ ಒತ್ತಿಕೊಂಡೇ ಇದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. "ಇಷ್ಟೂ ಬರಂಗಿಲ್ಲೇನಲೇ ನಿನಗ?" ಅನ್ನುತ್ತಾರೆ ಮಾಸ್ತರರು. ಆ ಹೊತ್ತಿಗೆ ಹುಡುಗನ ತಲೆಯಲ್ಲಿ ಲೆಕ್ಕ ಉಳಿದಿರುವುದಿಲ್ಲ. ಬೆನ್ನ ಹಿಂದಿನ ನಲವತ್ತು ಕಣ್ಣು ಮಾತ್ರ ಇರುತ್ತವೆ. ಬೆದರಿದ ಮಿದುಳಿಗೆ ಅಂಕೆ ನೆನಪಿಟ್ಟುಕೊಳ್ಳಲು ಜಾಗ ಸಾಲುವುದಿಲ್ಲ. ಮರುದಿನ ಅವನು ಉದ್ಧಟನಂತೆ ಎದುರುತ್ತರ ಕೊಟ್ಟರೆ, ಹೋದ ಮರ್ಯಾದೆಯನ್ನು ವಾಪಸ್ ತರುವ ದಾರಿ ಅವನಿಗೆ ಅದೊಂದೇ ಕಂಡಿರುತ್ತದೆ.

ಮಕ್ಕಳನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಕಾಯ್ದೆ ಒತ್ತಟ್ಟಿಗಿರಲಿ, ಎಲ್ಲರೆದುರು ಬೈದರೆ ಪಾಠವೇ ತಲೆಗೆ ಹೋಗುವುದಿಲ್ಲ ಅನ್ನುವುದೇ ನನಗೆ ದೊಡ್ಡ ಕಾರಣ. ತಪ್ಪಿದ್ದರೆ ಖಂಡಿತ ಹೇಳಬೇಕು. ಬಿಸಿಯೂಟ ಮುಗಿದು ತಟ್ಟೆ ತೊಳೆಯುವ ಹೊತ್ತಿಗೆ ಪಕ್ಕಕ್ಕೆ ಕರೆದು, "ಎಲ್ಲಿ ತಿಳಿವಲ್ದು, ತೋರ್ಸು" ಅಂದರೆ ಸಾಕು. ಅದೇ ಹುಡುಗ ಅಲ್ಲೇ ನೆಲದ ಮೇಲೆ ಬರೆದು ತೋರಿಸುತ್ತಾನೆ. ಬೋರ್ಡಿಗೆ ಒಬ್ಬರ ಬದಲು ಇಬ್ಬರನ್ನು ಕರೆದರೂ ಆಯಿತು, ನಗೆ ಹಂಚಿಹೋಗುತ್ತದೆ.

ಬೆಳಗ್ಗೆ ತೂಕಡಿಸುವ ಮಕ್ಕಳನ್ನೂ ಸುಮ್ನೆ ಸೋಮಾರಿ ಅನ್ನಬೇಡಿ. ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರಲು ಶುರುವಾಗುತ್ತದೆ. ಆದರೆ ಅವರಿಗೆ ಸುಮಾರು 9 ತಾಸು ನಿದ್ದೆ ಬೇಕು. ಕೈಗೆ ಮೊಬೈಲ್ ಸಿಕ್ಕರೆ ಅದೂ ಹೋಯಿತು.

ಇನ್ನು ಕೆಲವರ ಮಂಕುತನ ರಕ್ತದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಅದಕ್ಕೇ ಆರನೇ ಇಯತ್ತೆಯಿಂದಲೇ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಗುಳಿಗೆ ಕೊಡುತ್ತಾರೆ. ಬಹಳ ಮಕ್ಕಳು ಅದನ್ನು ಕಿಸೆಯಲ್ಲಿ ಇಳಿಸಿ ಮನೆಗೆ ಹೋಗುವಾಗ ಬೀಸಾಡುತ್ತಾರೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಅಂತ ಹೆದರಿಕೆ. ಕಪ್ಪಾಗುವುದರಿಂದ ತೊಂದರೆಯಿಲ್ಲ, ಊಟದ ನಂತರ ನುಂಗಿದರೆ ಹೊಟ್ಟೆಯೂ ಅಷ್ಟು ತೊಳಸುವುದಿಲ್ಲ ಅಂತ ಮೊದಲೇ ಹೇಳಿಬಿಡಬೇಕು. ಆಮೇಲೆ ಕ್ಲಾಸಿನಲ್ಲಿ ಎಲ್ಲರೂ ಯಾರ ಮಾತು ಕೇಳುತ್ತಾರೋ ಆ ಹುಡುಗಿಯನ್ನು ಕರೆದು, ಅಕ್ಕೋರು ಅವಳ ಜೊತೆ ತಾವೂ ಒಂದು ಗುಳಿಗೆ ನುಂಗಲಿ. ಉಳಿದವರು ನೀರಿನ ಬಾಟಲಿ ಹುಡುಕಲು ಶುರು ಮಾಡುತ್ತಾರೆ.