ನಿಧಾನದ ಮಿಸ್ಟೇರ್ ಸ್ಟಾರ್‌ಫೈಟರನ್ನು ಹೊಡೆದದ್ದು ಹೇಗೆ?

ಪ್ರಶ್ನೆ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರು 1965ರಲ್ಲಿ ಹಾರಿಸಿದ ಮಿಸ್ಟೇರ್, ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ವಿಮಾನ. ಎದುರಿಗಿದ್ದ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು. ಹಾಗಿದ್ದೂ ಅದನ್ನು ಹೊಡೆದು ಬೀಳಿಸಲು ಹೇಗೆ ಸಾಧ್ಯವಾಯಿತು? ಮಿಸ್ಟೇರ್ ವಿಮಾನವನ್ನು ಈಗ ಎಲ್ಲಾದರೂ ನೋಡಬಹುದಾ?

ಉತ್ತರ: ಕೊಡಗಿನಲ್ಲಿ ವಿಮಾನದ ಹುಚ್ಚಿರುವ ಇಬ್ಬರು ಸೇರಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೆ ಮಡಿಕೇರಿಯಲ್ಲಿ ಒಬ್ಬ ಫೈಟರ್ ಪೈಲಟ್ ಹೆಸರಿನ ವೃತ್ತ ಇದೆ. ಬಸ್ಸಿಗೆ ಹೋಗುವಾಗ ಬರುವಾಗ ಆ ಹೆಸರು ಓದಿದ ಮಕ್ಕಳು ಮನೆಗೆ ಬಂದು ಕೇಳುತ್ತಾರೆ. ದೊಡ್ಡವರು ಶೌರ್ಯದ ಕಥೆ ಹೇಳುತ್ತಾರೆ. ವಿಮಾನಗಳ ಕಥೆ ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಚುಟುಕಾಗಿ ಹೇಳುವುದಾದರೆ, ಸ್ಟಾರ್‌ಫೈಟರ್ ಅಷ್ಟು ವೇಗವಾಗಿ ಹಾರುವುದು ಸುಮಾರು 11–12 ಕಿ.ಮೀ. ಎತ್ತರದ ತೆಳುವಾದ ಗಾಳಿಯಲ್ಲಿ. ಆ ದಿನದ ಕಾದಾಟ ನಡೆದದ್ದು ನೆಲದ ಹತ್ತಿರ, ಅದೂ ತಿರುಗಿ ತಿರುಗಿ. ಅಲ್ಲಿ ಮಿಸ್ಟೇರ್‌ನ ಕೈ ಮೇಲಾಗಬಹುದಿತ್ತು. ದೇವಯ್ಯ ಅವರು ಹಾಗೆಯೇ ಆಗುವಂತೆ ಮಾಡಿದರು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಾಯುಪಡೆ ಪಠಾಣ್‌ಕೋಟ್ ನೆಲೆಯ ಮೇಲೆ ದಾಳಿ ಮಾಡಿತು. ಮರುದಿನ, ಸೆಪ್ಟೆಂಬರ್ 7ರಂದು, ನಮ್ಮವರು ಸರ್ಗೋಧಾದ ಮೇಲೆ ಹೋದರು. ಅದು ಪಾಕಿಸ್ತಾನದ ಬಹಳ ಮುಖ್ಯವಾದ ವಾಯುನೆಲೆ. ಪಂಜಾಬಿನ ಆದಂಪುರದಿಂದ ಅಲ್ಲಿಗೆ ಸುಮಾರು 300 ಕಿ.ಮೀ. ಹೊರಟದ್ದು ಒಂದನೇ ಸ್ಕ್ವಾಡ್ರನ್, ಅಂದರೆ 'ಟೈಗರ್ಸ್'. ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ಮುಂದಾಳತ್ವ. ದೇವಯ್ಯ ಅವರು ಯುದ್ಧಕ್ಕೆ ಮುಂಚೆ ಹಾರಾಟ ಕಲಿಸುವ ಬೋಧಕರಾಗಿದ್ದವರು. ಆ ಬೆಳಗ್ಗೆ ಅವರು ಕಾಯ್ದಿರಿಸಿದ ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರು ಹೋಗಬೇಕಿತ್ತು. ಕೊನೆಗೆ ಅವರೂ ದಾಳಿಯ ಸಾಲಿಗೆ ಸೇರಿಕೊಂಡರು.

ಬೆಳಕು ಹರಿಯುವ ಮೊದಲೇ ಹೊರಟು, ನೆಲಕ್ಕೆ ಹತ್ತಿರವಾಗಿ ಹಾರಬೇಕು. ದಾರಿ ತೋರಿಸುವ ಈಗಿನ ಉಪಕರಣ ಒಂದೂ ಇಲ್ಲ. ದಿಕ್ಸೂಚಿ, ಗಡಿಯಾರ, ತೊಡೆಯ ಮೇಲೆ ನಕ್ಷೆ, ಅಷ್ಟೇ. ಇಂಧನವೂ ಲೆಕ್ಕದ್ದು. ಗುರಿಯ ಮೇಲೆ ಹೋಗಿ ವಾಪಸ್ ಬರುವುದಕ್ಕೆ ಸಾಕು, ದಾರಿಯಲ್ಲಿ ಕಾದಾಡಲು ಸಾಲದು.

ಈ ಗುಂಪಿನ ಬೆನ್ನು ಹತ್ತಿದ್ದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಎಫ್-104 ಸ್ಟಾರ್‌ಫೈಟರ್. ಮೊದಲು ಅವರು ಕ್ಷಿಪಣಿ ಬಿಟ್ಟರು, ತಾಗಲಿಲ್ಲ. ಆಮೇಲೆ ಗನ್ನಿನಿಂದ ಹೊಡೆದರು. ಗುಂಡು ದೇವಯ್ಯ ಅವರ ಮಿಸ್ಟೇರ್‌ಗೆ ಬಿತ್ತು. ಏಟು ತಿಂದ ವಿಮಾನ ಬೀಳಲಿಲ್ಲ, ಓಡಲೂ ಇಲ್ಲ. ಸ್ಟಾರ್‌ಫೈಟರ್‌ನ ಕಡೆಗೇ ತಿರುಗಿತು. ಕೆಳಮಟ್ಟದಲ್ಲೇ ಒಬ್ಬರನ್ನೊಬ್ಬರು ಸುತ್ತುವ ಕಾದಾಟ ಶುರುವಾಯಿತು. ಮಿಸ್ಟೇರ್‌ನ ಗುಂಡುಗಳು ಸ್ಟಾರ್‌ಫೈಟರ್‌ಗೆ ತಾಗಿದವು. ಅಮ್ಜದ್ ಹುಸೇನ್ ಹೊರಚಿಮ್ಮಿ ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಅವರು ಬದುಕಲಿಲ್ಲ.

ಈಗ ವಿಮಾನಗಳ ವಿಷಯಕ್ಕೆ ಬರೋಣ. ಎರಡೂ ನನಗೆ ತುಂಬಾ ಇಷ್ಟದ ಯಂತ್ರಗಳು. ಒಂದನ್ನು ಹೊಗಳಲು ಇನ್ನೊಂದನ್ನು ತೆಗಳುವ ಅಗತ್ಯ ಕಾಣುವುದಿಲ್ಲ.

ಸ್ಟಾರ್‌ಫೈಟರನ್ನು ಮೊದಲ ಸಲ ನೋಡಿದವರು ಕೇಳುವುದು ಒಂದೇ: ಇದರ ರೆಕ್ಕೆ ಎಲ್ಲಿ? ಉದ್ದ ಸುಮಾರು 16.7 ಮೀಟರ್. ಎರಡೂ ರೆಕ್ಕೆ ಸೇರಿಸಿ ತುದಿಯಿಂದ ತುದಿಗೆ 7 ಮೀಟರ್ ಕೂಡ ಇಲ್ಲ. ಲಾಕ್‌ಹೀಡ್ ಕಂಪನಿಯ ಕೆಲ್ಲಿ ಜಾನ್ಸನ್ ಇದನ್ನು ರೂಪಿಸಿದವರು. ಅವರು ಕೊರಿಯಾ ಯುದ್ಧದ ಸಮಯದಲ್ಲಿ ಅಲ್ಲಿಗೇ ಹೋಗಿ, ಕಾದಾಡುತ್ತಿದ್ದ ಪೈಲಟ್‌ಗಳನ್ನು ಮಾತಾಡಿಸಿದರು. ನಮಗೆ ಹಗುರವಾದ, ವೇಗವಾದ, ಸರ್‍ರನೆ ಮೇಲೇರುವ ವಿಮಾನ ಬೇಕು ಅಂದರು ಪೈಲಟ್‌ಗಳು. ಜಾನ್ಸನ್ ಅದನ್ನೇ ಕೊಟ್ಟರು. 1954ರ ಮಾರ್ಚ್ 4ರಂದು ಅದು ಮೊದಲ ಸಲ ಹಾರಿತು. 1958ರ ಮೇ ತಿಂಗಳಲ್ಲಿ ಎತ್ತರದ ವಿಶ್ವದಾಖಲೆ, 27,811 ಮೀಟರ್. ಅದೇ ತಿಂಗಳು ವೇಗದ ವಿಶ್ವದಾಖಲೆ, ಗಂಟೆಗೆ 2,259 ಕಿ.ಮೀ. ಎರಡೂ ದಾಖಲೆಗಳನ್ನು ಒಟ್ಟಿಗೆ ಇಟ್ಟುಕೊಂಡ ಮೊದಲ ವಿಮಾನ ಅದು.

ಅದರ ರೆಕ್ಕೆಯನ್ನು ಹತ್ತಿರದಿಂದ ನೋಡಬೇಕು. ಮುಂದಿನ ಅಂಚಿನ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ವಿಮಾನ ನೆಲದ ಮೇಲಿರುವಾಗ ಆ ಅಂಚಿಗೆ ಕವಚ ಹಾಕಿಡುತ್ತಿದ್ದರು. ಇಲ್ಲದಿದ್ದರೆ ಕೆಲಸ ಮಾಡುವವರಿಗೆ ಮೈಕೈ ಕೊಯ್ಯುವ ಅಪಾಯ, ಅಂಚಿಗೂ ಪೆಟ್ಟು. ಅಷ್ಟು ತೆಳುವಾದ ರೆಕ್ಕೆಯೊಳಗೆ ಇಂಧನ ತುಂಬಲು ಜಾಗ ಇಲ್ಲ, ಚಕ್ರ ಮಡಚಿಡಲೂ ಜಾಗ ಇಲ್ಲ. ಎರಡೂ ಒಡಲಿಗೇ ಹೋದವು. ಇಳಿಯುವಾಗ ಆ ಪುಟ್ಟ ರೆಕ್ಕೆ ಭಾರ ಹೊರಲಿ ಅಂತ, ಎಂಜಿನ್‌ನಿಂದ ಗಾಳಿ ತೆಗೆದು ರೆಕ್ಕೆಯ ಹಿಂಭಾಗದ ಫ್ಲ್ಯಾಪ್‌ಗಳ ಮೇಲೆ ಊದುವ ಏರ್ಪಾಡು ಮಾಡಿದ್ದರು. ಆದರೂ ನೆಲ ಮುಟ್ಟುವಾಗ ವೇಗ ಗಂಟೆಗೆ 300 ಕಿ.ಮೀ. ಆಸುಪಾಸು.

ಬಾಲವೂ ವಿಚಿತ್ರವೇ. ಅಡ್ಡ ರೆಕ್ಕೆ ಬಾಲದ ತುತ್ತತುದಿಯಲ್ಲಿದೆ. ಪೈಲಟ್ ಮೂತಿಯನ್ನು ಜಾಸ್ತಿ ಎತ್ತಿದರೆ ಮುಂದಿನ ರೆಕ್ಕೆಯಿಂದ ಕದಡಿದ ಗಾಳಿ ನೇರ ಬಾಲಕ್ಕೆ ಬಡಿಯುತ್ತದೆ. ಆಗ ವಿಮಾನ ಹಿಡಿತ ತಪ್ಪಿ ಮೂತಿ ಇನ್ನಷ್ಟು ಎತ್ತಿಬಿಡುತ್ತದೆ. ಇದನ್ನು ತಡೆಯಲು ಪೈಲಟ್ ಕೈಯಲ್ಲಿರುವ ಕಂಟ್ರೋಲ್ ಸ್ಟಿಕ್ ಮೊದಲು ಗಡಗಡ ನಡುಗುತ್ತದೆ. ಅವನು ಕೇಳದಿದ್ದರೆ ತಾನಾಗಿಯೇ ಮುಂದಕ್ಕೆ ತಳ್ಳುತ್ತದೆ. ಅಂದರೆ, ಬಿಗಿಯಾಗಿ ತಿರುಗಬೇಡ ಅಂತ ವಿಮಾನವೇ ಪೈಲಟ್‌ಗೆ ಹೇಳುತ್ತಿತ್ತು! ಪಶ್ಚಿಮ ಜರ್ಮನಿ ಕೊಂಡ 916 ಸ್ಟಾರ್‌ಫೈಟರ್‌ಗಳಲ್ಲಿ 292 ಕಳೆದುಹೋದವು. ಅಲ್ಲಿ ಸತ್ತ ಪೈಲಟ್‌ಗಳ ಸಂಖ್ಯೆ ನೂರು ದಾಟಿತು. ಹೊರಗಿನಿಂದ ನೋಡಲು ಅಷ್ಟು ಚಂದದ ಯಂತ್ರದ ಚರಿತ್ರೆಯಲ್ಲಿ ಇದೂ ಇದೆ.

ಪಾಕಿಸ್ತಾನಕ್ಕೆ 1961ರಲ್ಲಿ ಒಂದು ಡಜನ್ ಸ್ಟಾರ್‌ಫೈಟರ್ ಬಂದವು. ಸರ್ಗೋಧಾದ ಒಂಬತ್ತನೇ ಸ್ಕ್ವಾಡ್ರನ್‌ಗೆ ಕೊಟ್ಟರು. ಆ ಕಾಲಕ್ಕೆ ಈ ಭಾಗದಲ್ಲಿ ಅದರ ಹೆಸರು ಕೇಳಿದರೇ ಒಂದು ಭಯ.

ಇತ್ತ ಮಿಸ್ಟೇರ್ 4ಎ ಫ್ರಾನ್ಸಿನ ಡಸಾಲ್ಟ್ ಕಂಪನಿಯದು. ಮೊದಲ ಹಾರಾಟ 1952ರ ಸೆಪ್ಟೆಂಬರ್‌ನಲ್ಲಿ. ಅಂದರೆ ಸ್ಟಾರ್‌ಫೈಟರ್‌ಗಿಂತ ಒಂದೂವರೆ ವರ್ಷ ಮೊದಲು, ಅಷ್ಟೇ. ವಯಸ್ಸಿನಲ್ಲಿ ಅಂಥ ಅಂತರ ಇಲ್ಲ, ಯೋಚನೆಯಲ್ಲಿ ಮಾತ್ರ ಬಹಳ ಇದೆ. ಭಾರತ 1957ರಿಂದ ಇವನ್ನು ತರಿಸಿಕೊಂಡಿತು, ನೂರಕ್ಕೂ ಜಾಸ್ತಿ. ಮೂತಿಯಲ್ಲಿ ದೊಡ್ಡದೊಂದು ಬಾಯಿ, ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ. ಹಿಂದಕ್ಕೆ ಬಾಗಿದ ಅಗಲ ರೆಕ್ಕೆ. ಗಟ್ಟಿಮುಟ್ಟಾದ ಒಡಲು. ಕೆಳಮಟ್ಟದಲ್ಲಿ ಗಂಟೆಗೆ ಸುಮಾರು 1,100 ಕಿ.ಮೀ. ತನಕ ಹೋಗುತ್ತಿತ್ತು. ಕಡಿದಾಗಿ ಕೆಳಗೆ ಧುಮುಕಿದರೆ ಮಾತ್ರ ಶಬ್ದದ ವೇಗ ದಾಟುತ್ತಿತ್ತು. ಹಂಟರ್, ನ್ಯಾಟ್ ವಿಮಾನಗಳ ಬಗ್ಗೆ ಮಾತಾಡುವವರು ನೂರು ಜನ ಸಿಗುತ್ತಾರೆ, ಮಿಸ್ಟೇರ್ ಬಗ್ಗೆ ಒಬ್ಬರೂ ಸಿಗುವುದು ಕಷ್ಟ. 1965ರಲ್ಲಿ ಅದಕ್ಕೆ ಸಿಕ್ಕಿದ್ದು ಟ್ಯಾಂಕ್, ರೈಲು, ವಾಯುನೆಲೆಗಳ ಮೇಲೆ ಬಾಂಬು ರಾಕೆಟ್ ಹಾಕುವ ಮೈಮುರಿ ಕೆಲಸ. ಹೆಸರು ತಂದುಕೊಡುವ ಕೆಲಸ ಅಲ್ಲ ಅದು. ನನ್ನ ಮಟ್ಟಿಗೆ ಆ ಯುದ್ಧದಲ್ಲಿ ಅತಿ ಕಡಿಮೆ ಹೊಗಳಿಸಿಕೊಂಡ ವಿಮಾನ ಇದೇ.

ಈಗ ತಿರುವಿನ ಲೆಕ್ಕ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಬೈಕ್‌ನಲ್ಲಿ ಇಳಿದವರಿಗೆ ಗೊತ್ತೇ ಇದೆ, ವೇಗ ಜಾಸ್ತಿ ಆದಷ್ಟೂ ತಿರುವಿನಲ್ಲಿ ಗಾಡಿ ಹೊರಗೆ ಎಳೆಯುತ್ತದೆ. ಆಕಾಶದಲ್ಲೂ ಹಾಗೇ. ವಿಮಾನ ಮತ್ತು ಪೈಲಟ್ ತಡೆದುಕೊಳ್ಳುವ ಒತ್ತಡ ಅಷ್ಟೇ ಇದ್ದು ವೇಗ ಎರಡು ಪಟ್ಟಾದರೆ, ತಿರುಗಲು ಬೇಕಾದ ವೃತ್ತ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಒಂದು ವಿಮಾನ ಗಂಟೆಗೆ 720 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ. ಪೈಲಟ್ ತನ್ನ ಐದು ಪಟ್ಟು ತೂಕ ಅನುಭವಿಸುವಷ್ಟು ಬಿಗಿಯಾಗಿ ತಿರುಗಿಸಿದರೆ ವೃತ್ತದ ತ್ರಿಜ್ಯ ಸುಮಾರು 830 ಮೀಟರ್. ಅದೇ ಬಿಗಿಯಲ್ಲಿ 1,080 ಕಿ.ಮೀ. ವೇಗದ ವಿಮಾನಕ್ಕೆ ಸುಮಾರು 1,870 ಮೀಟರ್ ಬೇಕು. ಒಬ್ಬ ಒಳಗಿನ ವೃತ್ತದಲ್ಲಿ ತಿರುಗಿ ಗುರಿ ಇಡುತ್ತಿರುವಾಗ ಇನ್ನೊಬ್ಬ ಇನ್ನೂ ಹೊರಗೆ ದೊಡ್ಡ ಸುತ್ತು ಹಾಕುತ್ತಿರುತ್ತಾನೆ.

ಹಾಗಾದರೆ ಸ್ಟಾರ್‌ಫೈಟರ್ ವೇಗ ಕಡಿಮೆ ಮಾಡಿ ತಿರುಗಬಹುದಿತ್ತಲ್ವಾ? ತೊಂದರೆ ಇರುವುದೇ ಅಲ್ಲಿ. ತಿರುವಿನಲ್ಲಿ ವಿಮಾನದ ಭಾರ ಹೊರುವುದು ರೆಕ್ಕೆ. ಮಿಸ್ಟೇರ್‌ನ ರೆಕ್ಕೆಯ ಹರವು 32 ಚದರ ಮೀಟರ್. ಸ್ಟಾರ್‌ಫೈಟರ್‌ನದು ಸುಮಾರು 18. ಎರಡರ ತೂಕದಲ್ಲಿ ಭಾರೀ ವ್ಯತ್ಯಾಸ ಇಲ್ಲ. ಆದ್ದರಿಂದ ವೇಗ ಇಳಿದಂತೆಲ್ಲ ಸ್ಟಾರ್‌ಫೈಟರ್‌ನ ಪುಟ್ಟ ರೆಕ್ಕೆ ಸೋಲುತ್ತಾ ಬರುತ್ತದೆ. ಸ್ಟಿಕ್ ನಡುಗಲು ಶುರುವಾಗುತ್ತದೆ. ಅದರ ಸರಿಯಾದ ಯುದ್ಧ ಅಂದರೆ ವೇಗವಾಗಿ ಬಂದು, ಒಂದು ಏಟು ಹಾಕಿ, ಎಂಜಿನ್‌ನ ಬಲದಲ್ಲಿ ಮೇಲಕ್ಕೆ ಹೋಗಿಬಿಡುವುದು. ಬೇಕಾದರೆ ಮತ್ತೆ ಬರುವುದು. ನಿಂತು ಸುತ್ತಾಡುವುದು ಅದಕ್ಕೆ ಹೇಳಿಸಿದ್ದಲ್ಲ. ನೆಲದ ಹತ್ತಿರ ಗಾಳಿ ದಟ್ಟವಾಗಿರುವುದರಿಂದ ಅದರ ಎರಡು ಪಟ್ಟು ವೇಗವೂ ಅಲ್ಲಿ ಸಿಗುವುದಿಲ್ಲ. ಕಾಗದದ ಮೇಲಿದ್ದ ದೊಡ್ಡ ಅಂತರ ಅಲ್ಲಿಗೆ ಬರುವಷ್ಟರಲ್ಲಿ ತುಂಬಾ ಕಡಿಮೆಯಾಗಿರುತ್ತದೆ.

ಆಯುಧದ ವಿಷಯವನ್ನೂ ಸೇರಿಸಲೇಬೇಕು. ಆಗಿನ ಸೈಡ್‌ವೈಂಡರ್ ಕ್ಷಿಪಣಿ ಎಂಜಿನ್‌ನ ಬಿಸಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಗುರಿಯ ಹಿಂದಿನಿಂದಲೇ ಬಿಡಬೇಕು. ನೆಲದ ಹತ್ತಿರ ಅದಕ್ಕೆ ದಾರಿ ತಪ್ಪುವುದು ಸುಲಭ. ಇನ್ನು ಗನ್ನು. ಸ್ಟಾರ್‌ಫೈಟರ್‌ನದು ಆರು ನಳಿಗೆಯ 20 ಮಿ.ಮೀ. ವಲ್ಕನ್, ನಿಮಿಷಕ್ಕೆ ಸಾವಿರಾರು ಗುಂಡು ಸುರಿಸುವಂಥದ್ದು. ಮಿಸ್ಟೇರ್‌ನಲ್ಲಿ 30 ಮಿ.ಮೀ. ಡೆಫಾ ಫಿರಂಗಿ ಎರಡು. ಸುರಿಯುವುದು ನಿಧಾನ. ಆದರೆ ಒಂದೊಂದು ಗುಂಡೂ ದಪ್ಪ, ಸ್ಫೋಟಕ ತುಂಬಿದ್ದು. ಇಂಧನ, ಎಂಜಿನ್, ಚಕ್ರ ಎಲ್ಲವನ್ನೂ ಒಂದೇ ಸಣ್ಣ ಒಡಲಿಗೆ ತುರುಕಿದ ವಿಮಾನಕ್ಕೆ ಅಂಥ ಕೆಲವು ಗುಂಡು ತಾಗಿದರೆ ಮುಗಿಯಿತು.

ಇಷ್ಟೆಲ್ಲ ಓದಿ, ಹಾಗಾದರೆ ಲೆಕ್ಕವೇ ಗೆದ್ದಿತು ಅಂದುಕೊಳ್ಳಬೇಡಿ. ಏಟು ತಿಂದ ವಿಮಾನ, ಮುಗಿಯುತ್ತಾ ಬಂದ ಇಂಧನ, ಶತ್ರು ನೆಲದ ಮೇಲೆ ಒಬ್ಬಂಟಿ. ತಿರುಗಿ ನಿಂತರೆ ಮನೆಗೆ ಹೋಗುವ ದಾರಿ ಮುಚ್ಚಿತು ಅಂತ ಹಾರಾಟ ಕಲಿಸಿದ ಬೋಧಕರಿಗೆ ಗೊತ್ತಿಲ್ಲದೆ ಇರುತ್ತದಾ? ಆದರೂ ತಿರುಗಿದರು. ಸ್ಟಾರ್‌ಫೈಟರ್ ಅವರ ಜೊತೆ ಸಿಕ್ಕಿಕೊಂಡಿದ್ದಷ್ಟು ಹೊತ್ತು ಉಳಿದ ಮಿಸ್ಟೇರ್‌ಗಳ ಬೆನ್ನಿಗೆ ಬೀಳಲಾಗಲಿಲ್ಲ. ಅದೃಷ್ಟದ ಏಟು ಅಂತ ಕೆಲವರು ಹೇಳುವುದನ್ನು ನಾನು ಒಪ್ಪುವುದೇ ಇಲ್ಲ. ಗುಂಡು ತಾಗುವ ಜಾಗಕ್ಕೆ ವಿಮಾನ ತಂದವರು ಅವರೇ.

ಈ ಕಥೆ ನಮಗೆ ತಿಳಿದದ್ದು ತುಂಬಾ ತಡವಾಗಿ. ಆ ದಿನ ಆದಂಪುರಕ್ಕೆ ವಾಪಸ್ ಬಂದವರು ಯಾರೂ ಈ ಕಾದಾಟ ನೋಡಿರಲಿಲ್ಲ. ದೇವಯ್ಯ ಅವರ ಹೆಸರು ಕಾಣೆಯಾದವರ ಪಟ್ಟಿಗೆ ಹೋಯಿತು. 1979ರಲ್ಲಿ ಬ್ರಿಟನ್ನಿನ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬರೆದ ಪುಸ್ತಕ ಬಂತು. ಒಂದು ಮಿಸ್ಟೇರ್ ಸ್ಟಾರ್‌ಫೈಟರನ್ನು ಬೀಳಿಸಿದ ವಿಷಯ ಅದರಲ್ಲಿತ್ತು. ಮರಳಿ ಬಾರದ ಮಿಸ್ಟೇರ್ ಯಾರದು ಅಂತ ನಮ್ಮವರು ಹುಡುಕಿದರು. ತನೇಜಾ ಅವರು ತಮ್ಮ ಪೈಲಟ್‌ಗೆ ಗೌರವ ಸಿಗಲೇಬೇಕು ಅಂತ ಪಟ್ಟು ಹಿಡಿದರು. 1988ರಲ್ಲಿ ದೇವಯ್ಯ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಯುದ್ಧ ಮುಗಿದು 23 ವರ್ಷ ಆಗಿತ್ತು.

ಇನ್ನು ಪ್ರಶ್ನೆಯ ಎರಡನೇ ಭಾಗ. ಭಾರತದ ವಾಯುಪಡೆ 1973ರ ಹೊತ್ತಿಗೆ ಮಿಸ್ಟೇರ್‌ಗಳನ್ನು ನಿಲ್ಲಿಸಿತು. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಒಂದು ಉಳಿದಿದೆ. ಅಲ್ಲಿಗೆ ಹೋದವರು ಮಿಗ್ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದುಬಿಡುತ್ತಾರೆ. ನೀವು ಮಿಸ್ಟೇರ್ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಲ್ಲಿ. ಮುಂದಿನಿಂದ ನೋಡಿ, ಮೂತಿಯ ಬಾಯಿ ಕಾಣುತ್ತದೆ. ಬಗ್ಗಿ ಕೆಳಭಾಗ ನೋಡಿ, ಎಡಕ್ಕೂ ಬಲಕ್ಕೂ ಫಿರಂಗಿಯ ಜಾಗ ಸಿಗುತ್ತದೆ. ಆಮೇಲೆ ಪಕ್ಕಕ್ಕೆ ಬಂದು ರೆಕ್ಕೆಯ ಅಗಲ ಗಮನಿಸಿ. ಮೇಲೆ ಹೇಳಿದ 32 ಚದರ ಮೀಟರ್ ಅಂದರೆ ಎಷ್ಟು ಅಂತ ಕಣ್ಣಿಗೇ ಗೊತ್ತಾಗುತ್ತದೆ.

ದೆಹಲಿ ದೂರ ಅನ್ನುವವರಿಗೆ ಬೆಂಗಳೂರು ಇದೆ. ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ನಮ್ಮಲ್ಲೇ ತಯಾರಾದ ಮಾರುತ್ ಇದೆ, ನ್ಯಾಟ್‌ನಿಂದ ಬೆಳೆಸಿದ ಅಜೀತ್ ಇದೆ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲೂ ಒಂದು ಮಾರುತ್ ನಿಂತಿದೆ. ಮಿಸ್ಟೇರ್ ಮಾಡುತ್ತಿದ್ದಂಥ ನೆಲದಾಳಿಯ ಕೆಲಸವನ್ನು ಮುಂದೆ ಹೆಗಲಿಗೆ ಹಾಕಿಕೊಂಡ ವಿಮಾನಗಳಲ್ಲಿ ಮಾರುತ್ ಒಂದು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಸೇನೆಯ ಕಥೆಗಳಲ್ಲಿ ಆಸಕ್ತಿ ಇರುವ ಮಕ್ಕಳನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.

ಪಾಲಂಗೆ ಹೋಗುವ ಅವಕಾಶ ಸಿಕ್ಕಿದರೆ ಇದೊಂದು ವಿಷಯ ನೆನಪಿಟ್ಟುಕೊಳ್ಳಿ. ದೇವಯ್ಯ ಅವರಿದ್ದ ಒಂದನೇ ಸ್ಕ್ವಾಡ್ರನ್ ಇವತ್ತೂ ಇದೆ, ಗ್ವಾಲಿಯರ್‌ನಲ್ಲಿ. ಅವರು ಈಗ ಹಾರಿಸುವುದು ಮಿರಾಜ್ 2000. ಅದನ್ನು ಮಾಡಿದ್ದೂ ಡಸಾಲ್ಟ್ ಕಂಪನಿಯೇ.